ಕಡಲ ತಳದ ಕಲ್ಲು, ಕಮಲಾಪುರದ ಹಣ್ಣಿನ ಕೋಣೆ

ಡಬ್ಬಿ ಹೈದರಾಬಾದಿನಿಂದ ಹೊರಟದ್ದು ಏಪ್ರಿಲ್ ಮೊದಲ ವಾರದ ಗುರುವಾರ. ಥರ್ಮಾಕೋಲಿನ ಡಬ್ಬಿ, ಅದರೊಳಗೆ ಐಸ್ ಪ್ಯಾಕ್ ನಾಲ್ಕು, ತಿರುಪು ಮುಚ್ಚಳದ ಗಾಜಿನ ಕೊಳವೆ ಆರು, ಅಗಲ ಬಾಯಿಯ ಸಣ್ಣ ಜಾಡಿ ಒಂದು. ಕೊಳವೆಗಳಲ್ಲಿ ಹಿಂದೂ ಮಹಾಸಾಗರದ ತಳದಿಂದ ತಂದ ರಾಡಿ ನೀರಿತ್ತು. ಜಾಡಿಯ ನೀರಿನಲ್ಲಿ ಒಂದು ಕಲ್ಲು ಮುಳುಗಿತ್ತು, ಲಿಂಬೆಹಣ್ಣಿನ ಗಾತ್ರದ್ದು.

ಸಮುದ್ರದ ತಳದಲ್ಲಿ ಕೆಲವು ಕಡೆ ನೆಲ ಬಿರಿದು ಬಿಸಿನೀರು ಚಿಮ್ಮುತ್ತದೆ. ಮೇಲಿನ ನೀರಿನ ಭಾರ ಎಷ್ಟಿರುತ್ತದೆ ಎಂದರೆ ಮುನ್ನೂರು ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲ. ಅದರಲ್ಲಿ ಕರಗಿದ ಗಂಧಕ, ಕಬ್ಬಿಣ, ತಾಮ್ರ ತಣ್ಣನೆಯ ನೀರು ತಾಗಿದ ಕೂಡಲೇ ಗಟ್ಟಿಯಾಗಿ, ಇಟ್ಟಿಗೆ ಭಟ್ಟಿಯ ಚಿಮಣಿಯಂತೆ ಮೇಲೇಳುತ್ತ ಹೋಗುತ್ತವೆ. ನಮಗೆ ಬಂದದ್ದು ಅಂಥ ಒಂದು ಚಿಮಣಿಯ ಗೋಡೆಯ ತುಂಡು. ಅದರ ಸಣ್ಣ ರಂಧ್ರಗಳಲ್ಲಿ ಎಂಬತ್ತು ಡಿಗ್ರಿಯ ಶಾಖದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಇರುತ್ತವೆ. ಅವಕ್ಕೆ ಶಾಖ ಬೇಕು, ಗಂಧಕ ಬೇಕು, ಗಾಳಿ ಬೇಡ. ಗಾಳಿಯಲ್ಲಿನ ಆಮ್ಲಜನಕ ಅವಕ್ಕೆ ವಿಷ.

ಅವನ್ನು ಕಲಬುರಗಿಯ ನಮ್ಮ ಪ್ರಯೋಗಾಲಯದಲ್ಲಿ ಬೆಳೆಸುವುದು ನನ್ನ ಕೆಲಸ. ಸಂಶೋಧನಾ ಹಡಗಿನಲ್ಲಿ ಹೋಗಿ ಬಂದಿದ್ದ ಹೈದರಾಬಾದಿನ ವಿಜ್ಞಾನಿಯೊಬ್ಬರು ನನ್ನ ಗೈಡ್ ಮೇಡಂ ಅವರ ಹಳೆಯ ಸಹಪಾಠಿ. ಅವರಿಂದ ಈ ಮಾದರಿ ಪಡೆಯಲು ಮೇಡಂ ಎರಡು ವರ್ಷ ಕಾದಿದ್ದರು. ಹಡಗು ಮತ್ತೆ ಆ ಕಡೆ ಹೋಗುವುದು ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಜೂನ್ ಮಧ್ಯದೊಳಗೆ ಏನೂ ಬೆಳೆಯದಿದ್ದರೆ ನನ್ನ ಪಿಎಚ್‌ಡಿಗೆ ಬೇರೆ ವಿಷಯ: ತೊಗರಿ ಹೊಲದ ಮಣ್ಣಿನ ಬ್ಯಾಕ್ಟೀರಿಯಾ. ಆ ಮಣ್ಣಿನ ಮೇಲೆ ನಮ್ಮ ವಿಭಾಗದ ಕಪಾಟಿನಲ್ಲಿ ಆಗಲೇ ಒಂಬತ್ತು ಪ್ರಬಂಧಗಳಿದ್ದವು. ಹತ್ತನೆಯದು ನನ್ನದಾಗುವುದು ನನಗೆ ಬೇಡವಾಗಿತ್ತು.

ಆ ಸೆಕೆಯಲ್ಲಿ ಕೊರಿಯರನ್ನು ನಂಬುವಂತಿರಲಿಲ್ಲ. ಕಮಲಾಪುರದ ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ, ಅವರ ಮಗ ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾನೆ. ರಜೆಗೆ ಬರುವವನ ಕೈಯಲ್ಲಿ ಡಬ್ಬಿ ಕೊಡಿಸಿದೆ. ಅವನು ಬಸ್ಸಿನಲ್ಲಿ ಕಮಲಾಪುರದಲ್ಲೇ ಇಳಿಯುತ್ತಾನೆ, ಮರುದಿನ ನಾನು ಹೋಗಿ ತರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಒಂದು ಕಾಲೇಜಿನ ಪ್ರಾಯೋಗಿಕ ಪರೀಕ್ಷೆಯ ಮೇಲ್ವಿಚಾರಣೆಗೆ ನನ್ನನ್ನು ಹಾಕಿದರು. ಸೋಮವಾರದವರೆಗೆ ಬಿಡುವಿರಲಿಲ್ಲ. ಖಾಲಾಗೆ ಫೋನ್ ಮಾಡಿದೆ.

"ಡಬ್ಬಿ ಬಂತೇನ್ರಿ ಖಾಲಾ?"

"ಬಂತು ಬೇಟಿ. ಏನದ ಇದ್ರಾಗ? ಸಮುದ್ರದಾಗಿನ ಜೀವ ಅಂತಾನ ನಿಮ್ಮ ಭಾಯಿ."

"ಹೌದ್ರಿ. ಕುದಿಯೋ ನೀರಿನಾಗ ಬದುಕೋ ಜೀವ. ಅವಕ್ಕ ಸೆಕಿ ಅಂದ್ರ ಭಾಳ ಇಷ್ಟ."

"ಹಾಯ್ ಅಲ್ಲಾ! ನಮ್ಮ ಊರಿಗಿ ಹೇಳಿ ಮಾಡಿಸಿದಂಗ ಅದಾವಲ್ಲ."

ಇಬ್ಬರೂ ನಕ್ಕೆವು. "ಫ್ರಿಜ್‌ನಾಗ ಇಡ್ರಿ. ಸೋಮವಾರ ಬರ್ತೀನಿ" ಎಂದೆ. "ಆಯ್ತು ಬಾ" ಎಂದರು. ನಾನು ಹೇಳಿದ ಎರಡು ಮಾತುಗಳಲ್ಲಿ ಖಾಲಾ ಮೊದಲನೆಯದನ್ನು ನಂಬಿದರು.

ಸೋಮವಾರ ಬೆಳಿಗ್ಗೆ ಹುಮನಾಬಾದ್ ಬಸ್ ಹತ್ತಿ ಕಮಲಾಪುರದಲ್ಲಿ ಇಳಿದೆ. ಖಾಲಾ ಶರಬತ್ತು ಕೊಟ್ಟರು. ಫ್ರಿಜ್ ತೆಗೆದು ನೋಡಿದೆ, ಡಬ್ಬಿ ಇರಲಿಲ್ಲ.

"ಅಲ್ಲಿ ಯಾಕ ನೋಡ್ತಿ? ಹಿಂದ ಬಾ."

ಖಾಲೂ, ಅಂದರೆ ಖಾಲಾರ ಗಂಡ, ಅವರದು ಕೆಂಪು ಬಾಳೆಹಣ್ಣಿನ ವ್ಯಾಪಾರ. ಕಾಯಿ ಹಣ್ಣು ಮಾಡಲಿಕ್ಕೆ ಹಿತ್ತಲಲ್ಲಿ ಕಿಟಕಿಯಿಲ್ಲದ ಮಣ್ಣಿನ ಕೋಣೆಯಿದೆ. ಗೊನೆಗಳನ್ನು ಜೋಡಿಸಿ, ಹುಲ್ಲು ಹೊದಿಸಿ, ಮೂಲೆಯ ಗಡಿಗೆಯಲ್ಲಿ ಹೊಗೆ ಹಾಕಿ ಬಾಗಿಲ ಸಂದಿಗೆ ಮಣ್ಣು ಮೆತ್ತುತ್ತಾರೆ. ಒಳಗೆ ಹೋದರೆ ಬೆವರು ಕಣ್ಣಿಗಿಳಿಯುವಷ್ಟು ಸೆಕೆ. ಅಲ್ಲಿ ಎರಡು ಗೊನೆಗಳ ನಡುವೆ ಹುಲ್ಲಿನ ಗೂಡಿನಲ್ಲಿ ನನ್ನ ಆರು ಕೊಳವೆ ಮತ್ತು ಜಾಡಿ ನಿಂತಿದ್ದವು. ಮೇಲೆ ಖಾಲಾರ ಹಳೆಯ ದುಪಟ್ಟಾ ಹೊದಿಸಿತ್ತು.

"ಫ್ರಿಜ್‌ನಾಗ ಇಟ್ಟಿದ್ದೆ, ಒಂದು ತಾಸು. ಆಮ್ಯಾಗ ಜೀವ ತಡೀಲಿಲ್ಲ ನೋಡು" ಎಂದರು ಖಾಲಾ. "ಬಾಳೆಕಾಯಿನೇ ಫ್ರಿಜ್‌ನಾಗ ಇಟ್ರ ಕಪ್ಪಾಗಿ ಸಾಯ್ತದ. ಇವು ಕುದಿಯೋ ನೀರಿನವು, ಥಂಡಿಗಿ ಉಳೀತಾವೇನು? ಅದಕ್ಕ ಇಲ್ಲಿ ಬೆಚ್ಚಗ ಇಟ್ಟೀನಿ. ಮೊದಲ ರಾಡಿ ಕೆಳಗ ಕುಂತು ಮ್ಯಾಲ ಬರೀ ನೀರಿನಂಗ ಇದ್ವು. ನಿನ್ನಿ ಸಂಜಿಗಿ ನೋಡಿದ್ರ ಬಣ್ಣ ಬಂದಿತ್ತು! ಹಣ್ಣಾಗ್ಯಾವೇನು?"

ಕೊಳವೆ ಎತ್ತಿ ಬೆಳಕಿಗೆ ಹಿಡಿದೆ. ಗುಲಾಬಿ. ಎರಡನೆಯದು, ಮೂರನೆಯದು, ಎಲ್ಲವೂ ಗುಲಾಬಿ. ಜಾಡಿಯ ನೀರೂ ಗುಲಾಬಿ.

ಗಾಳಿ ಬೇಡವಾದ ಬ್ಯಾಕ್ಟೀರಿಯಾ ಇರುವ ನೀರಿಗೆ ನಾವು ಒಂದು ಬಣ್ಣ ಸೇರಿಸಿರುತ್ತೇವೆ. ಆಮ್ಲಜನಕ ಇಲ್ಲದಿದ್ದರೆ ಅದು ಕಾಣುವುದೇ ಇಲ್ಲ. ಸ್ವಲ್ಪ ಸೇರಿದರೂ ಗುಲಾಬಿಯಾಗುತ್ತದೆ. ಮುಚ್ಚಳಗಳ ಸುತ್ತ ಮೇಣದಂಥ ಪಟ್ಟಿ ಸುತ್ತಿದ್ದರು. ಹೊಗೆಕೋಣೆಯ ಸೆಕೆಗೆ ಅದು ಮೆತ್ತಗಾಗಿ ಜಾರಿತ್ತು. ಸೆಕೆ ಏರಿದಾಗ ಕೊಳವೆಯೊಳಗಿನ ಅನಿಲ ಹಿಗ್ಗಿ ಹೊರಬಂದಿದೆ, ಇಳಿದಾಗ ಹೊರಗಿನ ಗಾಳಿ ಒಳಗೆ ಎಳೆದುಕೊಂಡಿದೆ. ನಾಲ್ಕು ದಿನ ಹೀಗೆ ಅವು ಉಸಿರಾಡಿವೆ.

"ಚೆಂದ ಅದ ಬಣ್ಣ" ಎಂದರು ಖಾಲಾ.

"ಹೌದ್ರಿ" ಎಂದೆ. ಹೊಸ ಐಸ್ ತುಂಬಿ, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮುಂದಿನ ಬಸ್ಸಿಗೆ ಹೊರಟೆ. ಖಾಲಾ ಒಂದು ಡಜನ್ ಕೆಂಪು ಬಾಳೆಹಣ್ಣು ಕಟ್ಟಿಕೊಟ್ಟಿದ್ದರು.

ಮೇಡಂ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರು. ಬೈಯಲಿಲ್ಲ.

"ಎಷ್ಟು ಸೆಕಿ ಇತ್ತು ಆ ಕೋಣ್ಯಾಗ?"

"ನಲವತ್ತರ ಮ್ಯಾಲ ಇರಬೇಕ್ರಿ ಮೇಡಂ."

"ಅದೇ ನೋಡು ಕೆಟ್ಟದ್ದು. ನಾಲ್ಕು ಡಿಗ್ರಿಯೊಳಗ ಇಟ್ಟಿದ್ರ ಗಾಢ ನಿದ್ದಿ ಮಾಡ್ತಿದ್ವು, ಗಾಳಿ ತಾಗಿದ್ರೂ ಭಾಳ ತ್ರಾಸ ಆಗ್ತಿದ್ದಿಲ್ಲ. ಎಂಬತ್ತಿದ್ರ ಎದ್ದು ಊಟ ಮಾಡ್ತಿದ್ವು. ಇದು ಅರ್ಧ ಎಬ್ಬಿಸಿ, ಊಟ ಕೊಡದೆ, ವಿಷ ಕುಡಿಸಿದಂಗ ಆಯ್ತು." ಕೊಳವೆಗಳನ್ನು ಪಕ್ಕಕ್ಕೆ ಸರಿಸಿ, "ಬಾಳೆಹಣ್ಣು ಅವರ ಮನೀವೇನು?" ಎಂದು ಒಂದು ಸುಲಿದರು. "ಮೀಡಿಯಂ ಮಾಡು. ನೋಡೋಣ."

ಮೀಡಿಯಂ ಅಂದರೆ ಬ್ಯಾಕ್ಟೀರಿಯಾದ ಊಟ. ಸಮುದ್ರದ ಉಪ್ಪು, ಯೀಸ್ಟಿನ ಸಾರ, ಪೆಪ್ಟೋನ್, ಕೊನೆಗೆ ಗಂಧಕದ ಪುಡಿ. ಸಾಮಾನ್ಯವಾಗಿ ಮೀಡಿಯಂ ಅನ್ನು ಆಟೋಕ್ಲೇವ್‌ನಲ್ಲಿ ನೂರಿಪ್ಪತ್ತೊಂದು ಡಿಗ್ರಿಗೆ ಏರಿಸಿ ಶುದ್ಧ ಮಾಡುತ್ತೇವೆ. ಗಂಧಕವಿದ್ದರೆ ಹಾಗೆ ಮಾಡುವಂತಿಲ್ಲ, ಕರಗಿ ಹಳದಿ ಗಟ್ಟಿಯಾಗುತ್ತದೆ. ಅದಕ್ಕೆ ಮೂರು ದಿನ, ದಿನಕ್ಕೊಂದು ಸಲ, ಬರೀ ಹಬೆಯಲ್ಲಿ ಬೇಯಿಸಬೇಕು. ಮೊದಲ ದಿನ ಸಾಯದೆ ಉಳಿದ ಬೇಡದ ಬ್ಯಾಕ್ಟೀರಿಯಾದ ಬೀಜಕಣಗಳು ರಾತ್ರಿ ಮೊಳೆತು ಮರುದಿನದ ಹಬೆಗೆ ಸಿಗುತ್ತವೆ. ಇಡ್ಲಿ ಪಾತ್ರೆಯಂಥ ಸ್ಟೀಮರಿನಲ್ಲಿ ಬುಧವಾರ, ಗುರುವಾರ, ಶುಕ್ರವಾರ ಬೇಯಿಸಿದೆ.

ಬಳಲಿದ ಬ್ಯಾಕ್ಟೀರಿಯಾಗಳನ್ನು ಒಮ್ಮೆಲೇ ಎಂಬತ್ತಕ್ಕೆ ಹಾಕುವುದು ಬೇಡವೆಂದು ಓವನ್ನನ್ನು ಅರವತ್ತೈದಕ್ಕೆ ಇಟ್ಟೆ. ಶನಿವಾರ ಆರೂ ಕೊಳವೆಗಳಿಂದ ಒಂದೊಂದು ಹನಿ ಹೊಸ ಕೊಳವೆಗಳಿಗೆ ಹೋಯಿತು. ಸೋಮವಾರ ಬಂದು ನೋಡಿದರೆ ನಾಲ್ಕು ಕೊಳವೆಗಳು ಮಜ್ಜಿಗೆಯ ತಿಳಿಯಂತೆ ಮಸುಕಾಗಿದ್ದವು. ಮಸುಕು ಅಂದರೆ ಒಳಗೆ ಏನೋ ಬೆಳೆದಿದೆ ಎಂದರ್ಥ.

ನನ್ನ ಜೊತೆ ಕೆಲಸ ಮಾಡುವ ಸೀನಿಯರ್ ಒಬ್ಬರಿದ್ದಾರೆ. ಮನೆಯಲ್ಲಿ ಮರಾಠಿ, ಲ್ಯಾಬಿನಲ್ಲಿ ಕನ್ನಡ, ಎರಡರಲ್ಲೂ ಚೇಷ್ಟೆ. ಕೊಳವೆ ನೋಡಿದವರೇ ಸ್ಕೂಟರ್ ಹತ್ತಿ ಸೂಪರ್ ಮಾರ್ಕೆಟ್ ಪೇಟೆಗೆ ಹೋಗಿ ಸಿಹಿ ಮಾಲ್‌ಪುರಿ ತಂದರು.

"ತೊಗೋರಿ ಮೇಡಂ, ಸಮುದ್ರರಾಜನ ಪ್ರಸಾದ."

ಮೇಡಂ ಅರ್ಧ ತಿಂದರು. ನಾನು ಒಂದು ತಿಂದು ಮೈಕ್ರೋಸ್ಕೋಪಿನ ಮುಂದೆ ಕುಳಿತೆ. ಕಡ್ಡಿಯಾಕಾರದ ಬ್ಯಾಕ್ಟೀರಿಯಾ, ಬೇಕಾದಷ್ಟು. ಆದರೆ ಕೆಲವು ಕಡ್ಡಿಗಳ ಹೊಟ್ಟೆಯಲ್ಲಿ ಮಣಿಯಂತೆ ಹೊಳೆಯುವ ಚುಕ್ಕೆಯಿತ್ತು. ಅದು ಬೀಜಕಣ. ಮಣ್ಣು, ಹುಲ್ಲು, ಗೊಬ್ಬರದಲ್ಲಿ ಬದುಕುವ ಬ್ಯಾಕ್ಟೀರಿಯಾ ಕಷ್ಟಕಾಲಕ್ಕೆಂದು ಮಾಡಿಕೊಳ್ಳುವ ಗಟ್ಟಿ ಚಿಪ್ಪು. ನಾವು ಹುಡುಕುತ್ತಿದ್ದ ಕಡಲ ಜೀವಿಗಳಲ್ಲಿ ಅದು ಇರಬಾರದು.

ಅಂದೇ ಎರಡು ಪರೀಕ್ಷೆ ಹಾಕಿದೆ. ಒಂದು, ಸಮುದ್ರದ ಉಪ್ಪಿಲ್ಲದ ಮೀಡಿಯಂ. ಇನ್ನೊಂದು, ಗಾಳಿಗೆ ತೆರೆದಿಟ್ಟ ಮೀಡಿಯಂ. ಮರುದಿನ ಎರಡರಲ್ಲೂ ಅವು ಬೆಳೆದಿದ್ದವು, ತೆರೆದದ್ದರಲ್ಲಿ ಇನ್ನೂ ದಟ್ಟವಾಗಿ.

"ಇವು ಕಡಲಿನವಲ್ಲ. ಕಮಲಾಪುರದ ಹುಲ್ಲಿನವು" ಎಂದೆ.

ಸೀನಿಯರ್ ಕೊಳವೆಯನ್ನೇ ನೋಡಿದರು. "ಹಂಗಾದ್ರ ಮಾಲ್‌ಪುರಿ ವಾಪಸ್ ಕೊಡ್ರಿ."

ಹುಲ್ಲಿನ ದೂಳು ಗಾಳಿಯ ಜೊತೆ ಮುಚ್ಚಳದೊಳಗೆ ಹೋಗಿತ್ತು. ಆ ಬ್ಯಾಕ್ಟೀರಿಯಾಗಳೂ ಶಾಖವನ್ನು ತಾಳುತ್ತವೆ, ಆದರೆ ಎಂಬತ್ತು ಡಿಗ್ರಿಯಲ್ಲಿ ಬೆಳೆಯಲಾರವು. ಹಾಗಾಗಿ ಓವನ್ನನ್ನು ಎಂಬತ್ತಕ್ಕೆ ಏರಿಸಿ ಆರೂ ಕೊಳವೆಗಳಿಂದ ಮತ್ತೆ ಹಾಕಿದೆ. ಹತ್ತು ದಿನ ನೋಡಿದೆ. ಆರರಲ್ಲಿ ಸೊನ್ನೆ. ಇನ್ನೊಮ್ಮೆ ಹಾಕಿದೆ, ಕಡಲ ತಳದ ಆ ನೀರನ್ನು ಎರಡು ಪಟ್ಟು ಸೇರಿಸಿ. ಆರರಲ್ಲಿ ಸೊನ್ನೆ. ಅಷ್ಟರಲ್ಲಿ ಮೇ ತಿಂಗಳ ಎರಡನೆಯ ವಾರ ಬಂದಿತ್ತು.

ಖಾಲಾ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಮೊದಲು "ಎದ್ದವೇನು?" ಎಂದು ಕೇಳುತ್ತಿದ್ದರು. ಒಂದು ದಿನ ದನಿ ಬೇರೆಯಾಗಿತ್ತು.

"ನಿಮ್ಮ ಭಾಯಿ ಎಲ್ಲಾ ಹೇಳ್ದ. ಬಣ್ಣ ಬಂದ್ರ ಕೆಟ್ಟಾವಂತ ಅರ್ಥ ಅಂತಲ್ಲ. ನಾನೇ ಕೊಂದೀನಿ ಅವನ್ನ."

"ಇನ್ನೂ ಗೊತ್ತಿಲ್ರಿ ಖಾಲಾ."

"ಸುಳ್ಳ ಹೇಳ್ಬ್ಯಾಡ. ಮೂರು ಕಿಲೋಮೀಟರ್ ಆಳದಿಂದ ಬಂದ ಮೆಹಮಾನ್, ನನ್ನ ಮನ್ಯಾಗ ಸತ್ವು."

"ಸುಳ್ಳಲ್ರಿ. ಕಲ್ಲು ಇನ್ನಾ ಅದ. ಅದರ ಒಳಗ ನೋಡಿಲ್ಲ."

"ನೋಡಿದ ಮ್ಯಾಲ ಹೇಳು. ಅಲ್ಲೀತನಾ ನಾ ಕೇಳಾಂಗಿಲ್ಲ."

ಆಮೇಲೆ ಅವರು ಫೋನ್ ಮಾಡಲಿಲ್ಲ. ಅಮ್ಮಿ ಹೇಳಿದರು, ಖಾಲಾ ಆ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದಾರೆ, ಖಾಲೂ ಒಬ್ಬರೇ ಹುಲ್ಲು ಹೊದಿಸುತ್ತಿದ್ದಾರೆ ಎಂದು.

ಖಾಲಾಗೆ ಸಮಾಧಾನಕ್ಕೆಂದು ಹೇಳಿದ ಮಾತು ನನ್ನ ತಲೆಯಲ್ಲಿ ಉಳಿಯಿತು. ಕಲ್ಲಿನ ಒಳಗೆ ನಾವು ನಿಜಕ್ಕೂ ನೋಡಿರಲಿಲ್ಲ. ನೀರಿನಲ್ಲಿ ಆಮ್ಲಜನಕ ಬೇಗ ಹರಡುತ್ತದೆ. ಕಲ್ಲಿನ ರಂಧ್ರಗಳೊಳಗೆ ಅದು ಹೋಗುವುದು ನಿಧಾನ. ಹೋದದ್ದನ್ನೂ ಅಲ್ಲಿರುವ ಕಬ್ಬಿಣ, ಗಂಧಕಗಳು ಹೀರಿಕೊಳ್ಳುತ್ತವೆ. ಹೊರಗಿನ ಪದರ ಹಾಳಾಗಿದ್ದರೂ ನಡುಭಾಗ ಇನ್ನೂ ಕಡಲ ತಳದಲ್ಲಿದ್ದಂತೆಯೇ ಇರಬಹುದು. ಅದನ್ನು ತಿಳಿಯುವ ದಾರಿ ಒಂದೇ, ಕಲ್ಲು ಒಡೆಯುವುದು.

ಆದರೆ ಆ ಕಲ್ಲಿನಲ್ಲಿ ಅರ್ಧವನ್ನು ಭೂವಿಜ್ಞಾನ ವಿಭಾಗಕ್ಕೆ ಕೊಡುತ್ತೇನೆಂದು ಮೇಡಂ ಮಾತು ಕೊಟ್ಟಿದ್ದರು. ನಾನು ಹೇಳಿದ್ದನ್ನು ಕೇಳಿ ತಲೆಯಾಡಿಸಿದರು.

"ಹೈದರಾಬಾದಿಗಿ ವಾಪಸ್ ಕಳಸೋಣ. ಅವರ ಹತ್ರ ಗಾಳಿ ಇಲ್ಲದ ಪೆಟ್ಟಿಗಿ ಅದ. ಅದರೊಳಗ ಕೈ ಹಾಕಿ ಚೆಂದ ಒಡೀತಾರ. ನಮ್ಮಲ್ಲಿ ಏನದ?"

"ಮತ್ತ ಬಸ್ಸಿನಾಗ ಹೋಗ್ಬೇಕ್ರಿ ಮೇಡಂ. ಮೇ ತಿಂಗಳು. ಅಲ್ಲಿ ನಮ್ಮ ಸರದಿ ಬರೋದು ಯಾವಾಗೋ. ದಿನಾ ಹೋದಂಗ ಗಾಳಿ ಒಳಗ ಹೋಗ್ತದ."

"ಒಡದ ಮ್ಯಾಲ ಏನೂ ಇಲ್ಲಂದ್ರ? ಕಲ್ಲೂ ಹೋತು, ಮಾತೂ ಹೋತು."

"ಒಡೀಲಿಲ್ಲಂದ್ರ ಬರೀ ಕಲ್ಲು ಉಳೀತದ್ರಿ."

ಮೇಡಂ ಕಲ್ಲಿನ ಜಾಡಿಯನ್ನು ಮತ್ತೆ ಫ್ರಿಜ್ಜಿನಲ್ಲಿಟ್ಟರು. ಮರುದಿನ ಭೂವಿಜ್ಞಾನ ವಿಭಾಗಕ್ಕೆ ಹೋಗಿ ಬಂದರು. "ಅವರಿಗಿ ಹೊರಗಿನ ಪದರ ಸಾಕಂತ. ಕೆರದು ಕೊಡು. ಒಳಗಿಂದು ನಿಂದು. ಗಾಳಿ ಇಲ್ಲದ ಜಾಗ ಮಾಡಿ ತೋರ್ಸು ಮೊದಲ. ಅದು ಆಗಲಿಲ್ಲಂದ್ರ ಕಲ್ಲು ಮುಟ್ಟಬ್ಯಾಡ."

ಗಾಳಿ ಇಲ್ಲದ ಜಾಗಕ್ಕೆ ಎರಡು ವಸ್ತು ಬೇಕಿದ್ದವು, ಒಂದು ಚೀಲ ಮತ್ತು ಶುದ್ಧ ಸಾರಜನಕ. ಕಪನೂರಿನ ಕೈಗಾರಿಕಾ ಪ್ರದೇಶದಲ್ಲಿ ಸಿಲಿಂಡರ್ ಸಿಗುತ್ತದೆಂದು ಸೀನಿಯರ್ ಹೇಳಿದರು. ಇಬ್ಬರೂ ಹೋದೆವು. ಸಿಲಿಂಡರ್ ಡಿಪೋದವರು ನನ್ನನ್ನು ನೋಡಿ ಕೇಳಿದರು:

"ಚಿಪ್ಸ್ ಪಾಕೀಟ್ ಉಬ್ಬಸ್ಲಾಕ ಬೇಕೇನ್ರಿ ಅಕ್ಕೋರ?"

"ಅಲ್ರಿ. ಬ್ಯಾಕ್ಟೀರಿಯಾ ಸಾಕ್ಲಾಕ."

"ಕ್ಯಾ ಜಮಾನಾ ಆಯಾ ಬಾ!" ಎಂದು ಒಳಗಿದ್ದವರನ್ನು ಕರೆದರು. "ಬರ್ರಿ ನೋಡ್ರಿ, ಎಲ್ಲಾರೂ ಬ್ಯಾಕ್ಟೀರಿಯಾ ಕೊಲ್ಲಾಕ ಔಷಧ ತೊಗೊಂಡ್ರ ಇವರು ಸಾಕ್ತಾರಂತ."

ಆ ಸಾರಜನಕ ಪೂರ್ತಿ ಶುದ್ಧವಲ್ಲ. ಸ್ವಲ್ಪ ಆಮ್ಲಜನಕ ಬೆರೆತಿರುತ್ತದೆ, ನಮಗೆ ಆ ಸ್ವಲ್ಪವೂ ಹೆಚ್ಚು. ಕಾದ ತಾಮ್ರದ ಮೇಲೆ ಹಾಯಿಸಿದರೆ ತಾಮ್ರ ಆಮ್ಲಜನಕವನ್ನು ಹಿಡಿದುಕೊಂಡು ಕಪ್ಪಾಗುತ್ತದೆ. ಡಿಪೋದ ಪಕ್ಕದಲ್ಲೇ ಲೇತ್ ಮಷೀನಿನ ವರ್ಕ್‌ಶಾಪ್ ಇತ್ತು. ಅಲ್ಲಿಂದ ತಾಮ್ರ ಕೆತ್ತಿದ ಸುರುಳಿ ಚೂರುಗಳನ್ನು ಒಂದು ಚೀಲ ತಂದೆ. ರಸಾಯನಶಾಸ್ತ್ರದವರಿಂದ ಉದ್ದ ಗಾಜಿನ ನಳಿಗೆ ಮತ್ತು ಅದನ್ನು ಕಾಯಿಸುವ ಕುಲುಮೆ ಎರವಲು ಸಿಕ್ಕಿತು. ಮೊದಲ ದಿನ ತಾಮ್ರಕ್ಕೆ ಹತ್ತಿದ್ದ ಎಣ್ಣೆ ಸುಟ್ಟು ಲ್ಯಾಬೆಲ್ಲ ಹೊಗೆಯಾಯಿತು. ಸಾಬೂನು ನೀರಿನಲ್ಲಿ, ಆಮೇಲೆ ಅಸಿಟೋನಿನಲ್ಲಿ ತೊಳೆದು ಮತ್ತೆ ತುಂಬಿದೆ. ಎರಡನೆಯ ಸಲ ಅನಿಲವನ್ನು ಜೋರಾಗಿ ಬಿಟ್ಟಿದ್ದಕ್ಕೆ ಆಮ್ಲಜನಕ ಸಿಗದೆ ದಾಟಿಹೋಯಿತು. ಮೂರನೆಯ ಸಲ ನೀರಿನಲ್ಲಿ ಗುಳ್ಳೆ ಎಣಿಸಿಕೊಂಡು ನಿಧಾನಕ್ಕೆ ಬಿಟ್ಟೆ. ನಳಿಗೆಯ ತಾಮ್ರ ಒಂದು ತುದಿಯಿಂದ ಕಪ್ಪಾಗುತ್ತ ಬಂತು. ಇನ್ನೊಂದು ತುದಿ ಕೆಂಪಗೆ ಹೊಳೆಯುತ್ತಲೇ ಇತ್ತು.

ಚೀಲ ಇನ್ನೂ ಸತಾಯಿಸಿತು. ಸೂಪರ್ ಮಾರ್ಕೆಟ್ಟಿನಲ್ಲಿ ಟೇಬಲ್ಲಿಗೆ ಹಾಸುವ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ತಂದು, ಅಂಚುಗಳನ್ನು ಇಸ್ತ್ರಿಪೆಟ್ಟಿಗೆಯಿಂದ ಬೆಸೆದೆ. ಎರಡು ಕಡೆ ತೂತು ಮಾಡಿ ರಬ್ಬರ್ ಕೈಗವಸು ಅಂಟಿಸಿದೆ. ಪರೀಕ್ಷೆ ಸರಳ. ಚೀಲಕ್ಕೆ ಸಾರಜನಕ ತುಂಬಿ, ಒಳಗೆ ಗಾಳಿ ತಾಗಿದರೆ ಗುಲಾಬಿಯಾಗುವ ತಿಳಿ ಮೀಡಿಯಂನ ಒಂದು ಕೊಳವೆಯ ಬಿರಡೆ ತೆಗೆದಿಡುವುದು. ಗುಲಾಬಿಯಾದರೆ ಸೋರುತ್ತಿದೆ ಎಂದರ್ಥ.

ಮೊದಲ ಪರೀಕ್ಷೆ: ಗುಲಾಬಿ, ಕೂಡಲೇ. ಅಂಚು ಸೋರುತ್ತಿತ್ತು. ಎರಡನೆಯದು: ಗುಲಾಬಿ, ಸ್ವಲ್ಪ ತಡವಾಗಿ. ಕೈಗವಸಿನ ಮಣಿಕಟ್ಟು. ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದೆ. ಮೂರನೆಯದು: ಗುಲಾಬಿ. ಕಾರಣ ಗೊತ್ತಾಗಲಿಲ್ಲ. ಸೀನಿಯರ್ ಚೀಲಕ್ಕೆ ಕಿವಿಯಿಟ್ಟು ಸುತ್ತ ಬಂದರು. "ಇಲ್ಲಿ ನೋಡ್ರಿ, ಹಾವಿನಂಗ ಬುಸ್ ಅನ್ಲಾಕತ್ತದ." ಇಸ್ತ್ರಿ ಹೆಚ್ಚು ಬಿಸಿಯಾಗಿದ್ದ ಕಡೆ ಸೂಜಿಮೊನೆಯಷ್ಟು ತೂತಿತ್ತು. ನಾಲ್ಕನೆಯ ಪರೀಕ್ಷೆಯಲ್ಲಿ ಕೊಳವೆ ಊಟದ ಹೊತ್ತಿನವರೆಗೂ ನೀರಿನಂತೆ ತಿಳಿಯಾಗಿಯೇ ಉಳಿಯಿತು. ಮೇಡಂ ಬಂದು ನೋಡಿ, "ನಾಳೆ ಒಡಿ" ಎಂದರು.

ಒಡೆದದ್ದು ಬುಧವಾರ ಬೆಳಿಗ್ಗೆ. ಹೊರಪದರವನ್ನು ಹಿಂದಿನ ದಿನವೇ ಚೀಲದೊಳಗೆ ಕೆರೆದು ಭೂವಿಜ್ಞಾನದವರ ಪಾಲು ತೆಗೆದಿಟ್ಟಿದ್ದೆ. ಮೇಡಂ ಗುಳ್ಳೆಗಳನ್ನು ನೋಡುತ್ತಿದ್ದರು, ಸೀನಿಯರ್ ಚೀಲ ಅಲುಗದಂತೆ ಹಿಡಿದಿದ್ದರು. ಕೈಗವಸಿನೊಳಗೆ ಕೈಗಳು ಬೆವತು ಜಾರುತ್ತಿದ್ದವು. ಉಕ್ಕಿನ ಒರಳಿನಲ್ಲಿ ಕಲ್ಲಿಟ್ಟು ಕುಟ್ಟಿದೆ. ಒಡೆಯಲಿಲ್ಲ. ಜೋರಾಗಿ ಹೊಡೆದರೆ ಚೀಲ ಹರಿಯುವ ಭಯ, ಮೆಲ್ಲಗೆ ಹೊಡೆದರೆ ಕಲ್ಲಿಗೆ ಲೆಕ್ಕವಿಲ್ಲ.

"ಖಾರ ಕುಟ್ಟಿಲ್ಲೇನ್ರಿ ಮನ್ಯಾಗ?" ಎಂದರು ಸೀನಿಯರ್.

"ನಮ್ಮ ಮನ್ಯಾಗ ಮಿಕ್ಸರ್ ಅದ್ರಿ."

ಮೇಡಂ ನಕ್ಕರು. ಅದೇ ಹೊತ್ತಿಗೆ ಕಲ್ಲು ಎರಡಾಯಿತು.

ಒಳಗೆ ಕಪ್ಪು, ಅದರಲ್ಲಿ ಚಿನ್ನದ ಪುಡಿಯಂಥ ಚುಕ್ಕೆಗಳು. ಅಂಚಿನಿಂದ ಒಳಮುಖವಾಗಿ ಕಂದು ಬಣ್ಣದ ತುಕ್ಕು ಹಬ್ಬಿತ್ತು, ಆದರೆ ನಡುಭಾಗಕ್ಕೆ ಬಂದಿರಲಿಲ್ಲ. ನಡುಭಾಗವನ್ನು ಮಾತ್ರ ಬೇರೆ ಮಾಡಿ ಪುಡಿ ಮಾಡಿದೆ. ಏಳು ಕೊಳವೆಗೆ ಸಾಕಾಯಿತು. ಕಲ್ಲಿನ ಪುಡಿ ಹಾಕದ ಎರಡು ಕೊಳವೆಗಳು ಹೋಲಿಕೆಗೆ. ಎಲ್ಲಕ್ಕೂ ರಬ್ಬರ್ ಬಿರಡೆ, ಮೇಲೆ ಅಲ್ಯೂಮಿನಿಯಂ ಕ್ಯಾಪ್ ಒತ್ತಿ, ಎಂಬತ್ತರ ಓವನ್ನಿಗೆ.

ಆ ವಾರದಲ್ಲಿ ಒಂದು ಮಧ್ಯಾಹ್ನ ಬಿರುಗಾಳಿಗೆ ತಂತಿ ಹರಿದು ಕರೆಂಟ್ ಸಂಜೆಯವರೆಗೆ ಬರಲಿಲ್ಲ. ಓವನ್ ಐವತ್ತಕ್ಕಿಳಿಯಿತು. ನಾನು ಬಾಗಿಲು ತೆರೆಯದೆ ಎದುರಿಗೆ ಕುಳಿತಿದ್ದೆ. ಮತ್ತೆ ಅದೇ ನಡುವಿನ ಸೆಕೆ. ಈ ಸಲ ಒಳಗೆ ಗಾಳಿಯಿರಲಿಲ್ಲ, ಊಟವಿತ್ತು. ಅಷ್ಟೇ ಧೈರ್ಯ.

ಒಂದು ವಾರ ಕಳೆಯಿತು. ಆರು ಕೊಳವೆಗಳು ಹಾಕಿದಾಗ ಹೇಗಿದ್ದವೋ ಹಾಗೆಯೇ ಇದ್ದವು. ಮೂರನೆಯ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಹಿಂದೆ ಹಿಡಿದ ಕಾಗದದ ಅಕ್ಷರಗಳ ಅಂಚು ಸ್ವಲ್ಪ ಮಬ್ಬಾಗಿ ಕಂಡಿತು. ಕಣ್ಣಿನ ದೋಷವೆಂದು ಸೀನಿಯರ್ ಕೈಗೆ ಕೊಟ್ಟೆ. ಅವರೂ ಬೆಳಕಿಗೆ ಹಿಡಿದು ನೋಡಿ ವಾಪಸು ಕೊ‌ಟ್ಟರು. ಸೂಜಿಯಿಂದ ಅದರ ಅನಿಲ ತೆಗೆದು ಸೀಸದ ಲವಣ ಸವರಿದ ಕಾಗದದ ಮೇಲೆ ಬಿಟ್ಟೆ. ಕಾಗದ ಕಪ್ಪಾಯಿತು. ಹೋಲಿಕೆಯ ಕೊಳವೆಗಳ ಅನಿಲಕ್ಕೆ ತಿಳಿ ಕಂದು ಮಾತ್ರ. ಕೋಣೆಯಲ್ಲಿ ಕಾಲಾ ನಮಕ್ಕಿನ ವಾಸನೆ ಹಬ್ಬಿತು. ಗಂಧಕ ತಿಂದ ಬ್ಯಾಕ್ಟೀರಿಯಾ ಬಿಡುವ ಅನಿಲಕ್ಕೂ ಕರಿ ಉಪ್ಪಿಗೂ ವಾಸನೆ ಒಂದೇ.

ಮೈಕ್ರೋಸ್ಕೋಪಿನಲ್ಲಿ ಕಡ್ಡಿಗಳು ಹೆಚ್ಚಿರಲಿಲ್ಲ. ಒಂದೊಂದು ನೋಟಕ್ಕೆ ಮೂರು, ಎರಡು, ನಾಲ್ಕು. ಹೊಟ್ಟೆಯಲ್ಲಿ ಮಣಿಯಿರಲಿಲ್ಲ. ಪ್ರತಿ ಕಡ್ಡಿಯ ಸುತ್ತ ಒಂದು ಸಡಿಲ ಹೊದಿಕೆ, ಎರಡೂ ತುದಿಯಲ್ಲಿ ಕಡ್ಡಿಯನ್ನು ಮೀರಿ ಚಾಚಿತ್ತು, ಅಣ್ಣನ ಉದ್ದ ತೋಳಿನ ಅಂಗಿ ತೊಟ್ಟ ತಮ್ಮನಂತೆ. ಅಂಥ ಹೊದಿಕೆ ಇರುವ ಬ್ಯಾಕ್ಟೀರಿಯಾ ಹುಲ್ಲಿನಲ್ಲಿ ಸಿಗುವುದಿಲ್ಲ.

ಮೇಡಂ ಬಂದು ಕುಳಿತವರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಉಪ್ಪಿಲ್ಲದ್ರಾಗ ಹಾಕು. ಗಾಳ್ಯಾಗ ಹಾಕು. ಹೊಸ ಕೊಳವಿಗಿ ಮೂರು ಸಲ ದಾಟ್ಸು. ಅಲ್ಲೀತನಾ ಯಾರಿಗೂ ಹೇಳಬ್ಯಾಡ" ಎಂದರು. ಎದ್ದಾಗ ಕನ್ನಡಕ ಒರೆಸಿಕೊಂಡರು.

ಉಪ್ಪಿಲ್ಲದ್ದರಲ್ಲಿ ಬೆಳೆಯಲಿಲ್ಲ. ಗಾಳಿಯಲ್ಲಿ ಬೆಳೆಯಲಿಲ್ಲ. ಸರಿಯಾದ ಮೀಡಿಯಂನಲ್ಲಿ ಮೊದಲ ಸಲ ಮೂರು ದಿನ, ಎರಡನೆಯ ಸಲ ಎರಡು ದಿನ, ಮೂರನೆಯ ಸಲ ಒಂದೇ ದಿನಕ್ಕೆ ಮಸುಕಾಯಿತು. ಏಳರಲ್ಲಿ ಒಂದು. ಆ ಒಂದೇ ಯಾಕೆ ಎಂಬುದು ಇವತ್ತಿಗೂ ಗೊತ್ತಿಲ್ಲ. ಸೀನಿಯರ್ ಮೂರನೆಯ ಸಲದ ನಂತರವೇ ಮಾಲ್‌ಪುರಿಗೆಂದು ಸೂಪರ್ ಮಾರ್ಕೆಟ್ಟಿಗೆ ಹೋದರು.

ಜೂನ್ ಮೊದಲ ವಾರ ಖಾಲಾಗೆ ಫೋನ್ ಮಾಡಿದೆ. "ಎದ್ದಾವ್ರಿ ಖಾಲಾ."

 "ಎಷ್ಟು?"

"ಒಂದು ಕೊಳವಿ. ಈಗ ಅದರಿಂದ ಇಪ್ಪತ್ತು ಆಗ್ಯಾವ."

"ನನಗ ಸಮಾಧಾನ ಮಾಡ್ಲಾಕ ಹೇಳ್ತಿ" ಎಂದು ಫೋನ್ ಇಟ್ಟರು.

ಬೆಳೆದ ತಳಿಯಲ್ಲಿ ಒಂದು ಪಾಲನ್ನು ಹೈದರಾಬಾದಿಗೆ ಹಿಂದಿರುಗಿಸಬೇಕೆಂಬುದು ಮೊದಲಿನಿಂದ ಇದ್ದ ಒಪ್ಪಂದ. ಖಾಲಾರ ಮಗ ಮತ್ತೆ ಊರಿಗೆ ಬಂದಿದ್ದ, ಸೋಮವಾರ ಮರಳುವವನಿದ್ದ. ಶನಿವಾರ ಕಳಿಸಿದರೆ ಡಬ್ಬಿ ಎರಡು ದಿನ ಕಮಲಾಪುರದಲ್ಲಿರಬೇಕು.

"ಮತ್ತ ಅದೇ ಮನಿಗೇನ್ರಿ?" ಎಂದರು ಸೀನಿಯರ್. "ಸೋಮವಾರ ಬೆಳಿಗ್ಗೆ ನಾನೇ ಕಮಲಾಪುರ ಬಸ್‌ಸ್ಟ್ಯಾಂಡಿಗಿ ಒಯ್ದು ಕೊಡ್ತೀನಿ ಬಿಡ್ರಿ."

ಮೇಡಂ ನನ್ನ ಮುಖ ನೋಡಿದರು. "ನಿನ್ನ ಕೊಳವಿ. ನೀನೇ ಹೇಳು."

ಶನಿವಾರವೇ ಒಯ್ಯುತ್ತೇನೆ ಎಂದೆ. ಲ್ಯಾಬಿನ ಫ್ರಿಜ್ಜಿನಲ್ಲಿ ಹದಿನಾಲ್ಕು ಪ್ರತಿಗಳಿದ್ದವು. ಹೋದರೆ ಆರು ಹೋಗುತ್ತವೆ.

ಖಾಲಾ ಡಬ್ಬಿಗೆ ಕೈ ಚಾಚಲಿಲ್ಲ. "ನನ್ನ ಕೈಗಿ ನಕೋ ಬೇಟಿ. ನಿಮ್ಮ ಭಾಯಿಗಿ ಕೊಡು."

"ಅವ ಊರೆಲ್ಲಾ ತಿರುಗ್ತಾನ. ನೀವೇ ಇಡ್ರಿ."

"ಸೆಕಿ ಬೇಕಾದವಕ್ಕ ಥಂಡಿ ಯಾಕ, ಅದೊಂದು ಹೇಳು. ಆವತ್ತು ಹೇಳಲಿಲ್ಲ ನೀನು."

ಹೇಳಿದೆ. ಎಂಬತ್ತರಲ್ಲಿ ಎದ್ದು ಉಣ್ಣುತ್ತವೆ, ನಾಲ್ಕರಲ್ಲಿ ಮಲಗುತ್ತವೆ, ನಡುವೆ ಇಟ್ಟರೆ ಸಾಯುತ್ತವೆ ಎಂದು. 

"ಅಂದ್ರ ಎಬ್ಬಿಸಿದ್ರ ಊಟಕ್ಕ ಹಾಕ್ಬೇಕು, ಇಲ್ಲಾಂದ್ರ ನಿದ್ದಿ ಕೆಡಸ್ಬಾರದು."

"ಅಷ್ಟೇ ರೀ."

ಡಬ್ಬಿ ತೆಗೆದುಕೊಂಡು ಒಳಗೆ ಹೋದರು. ನಾನು ಹಿಂದೆ ಹೋಗಲಿಲ್ಲ.

ಭಾನುವಾರ ಖಾಲೂ ಫೋನ್ ಮಾಡಿದರು. "ಏನಮ್ಮಾ, ಎಂಥಾ ಮೆಹಮಾನ್ ಕಳ್ಸೀದಿ? ಫ್ರಿಜ್‌ನಾಗಿಂದ ನೀರು, ಮೊಸರು, ಮಟನ್ ಎಲ್ಲಾ ಹೊರಗ. ಬಾಗಲಾ ತೆಗದ್ರ ಥಂಡಿ ಹೋಗ್ತದಂತ ಮುಟ್ಟಗೊಡವಲ್ಲಳು. ಮಧ್ಯಾಹ್ನ ಕರೆಂಟ್ ಹೋತು, ಬಜಾರಕ್ಕ ಓಡ್ಸಿ ಬರಫ್ ತರಿಸ್ಯಾಳ. ನಾ ಬಿಸಿನೀರು ಕುಡಿಲಾಕತ್ತೀನಿ!" ಹಿಂದಿನಿಂದ ಖಾಲಾರ ದನಿ ಕೇಳಿಸಿತು: "ಮೆಲ್ಲಕ ಮಾತಾಡ್ರಿ!"

ಸೋಮವಾರ ಸಂಜೆ ಹೈದರಾಬಾದಿನ ವಿಜ್ಞಾನಿ ಮೇಡಂಗೆ ಸಂದೇಶ ಕಳಿಸಿದರು, ಮೇಡಂ ನನಗೆ ಕಳಿಸಿದರು. ಕೊಳವೆ ಆರು, ಯಾವುದಕ್ಕೂ ಬಣ್ಣವಿಲ್ಲ. ಅದನ್ನೇ ಖಾಲಾಗೆ ಫೋನಿನಲ್ಲಿ ಹೇಳಿದೆ.

"ಬಣ್ಣ ಬಂದಿಲ್ಲ?"

"ಒಂದಕ್ಕೂ ಬಂದಿಲ್ರಿ."

"ಆರಕ್ಕೂ?"

"ಆರಕ್ಕೂ."

ಫ್ರಿಜ್ಜಿನ ಬಾಗಿಲು ತೆರೆದ ಸದ್ದು ಕೇಳಿಸಿತು. ಡಬ್ಬಿ ಬೆಳಿಗ್ಗೆಯೇ ಹೋಗಿತ್ತು.

"ಹಂಗಾದ್ರ ಈಗ ನಿಮ್ಮ ಖಾಲೂನ ನೀರಿನ ಬಾಟ್ಲಿ ಒಳಗ ಇಡ್ತೀನಿ" ಎಂದರು ಖಾಲಾ.